ಬ್ಯಾಟರಿ ಕ್ಲಾಂಪ್ ಎಷ್ಟು ಬಿಗಿದರೂ ಕೈಯಲ್ಲಿ ತಿರುಗುತ್ತದೆ, ಏಕೆ?

ಪ್ರಶ್ನೆ: ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಎರಡೂ ಕ್ಲಾಂಪುಗಳು ಸಡಿಲವಾಗಿಯೇ ಇವೆ. ಬೋಲ್ಟ್ ಪೂರ್ತಿ ಬಿಗಿಯಾಗಿದೆ, ಆದರೂ ಕ್ಲಾಂಪ್ ಕೈಯಿಂದ ತಿರುಗುತ್ತದೆ. ಅಂಗಡಿಯವರು ಸಂದಿಗೆ ತಗಡಿನ ಚೂರು ತುರುಕಿ ಕಳುಹಿಸಿದರು. ಹೆಡ್‌ಲೈಟ್, ಹಾರ್ನ್ ಸರಿಯಾಗಿವೆ. ಬೆಳಿಗ್ಗೆ ಮಾತ್ರ ಸೆಲ್ಫ್ ಒಮ್ಮೊಮ್ಮೆ 'ಟಕ್' ಎಂದು ಸುಮ್ಮನಾಗುತ್ತದೆ. ಬ್ಯಾಟರಿಯೇ ಕೆಟ್ಟದ್ದು ಬಂದಿದೆಯೇ?

ಉತ್ತರ: ಬ್ಯಾಟರಿ ಚೆನ್ನಾಗಿಯೇ ಇರಬಹುದು; ಅದು ನಿಮ್ಮ ಕಾರಿನದಲ್ಲ, ಅಷ್ಟೆ. ಎರಡೂ ಕಡೆ ಒಟ್ಟಿಗೆ ಸಡಿಲವಾಗಿದೆ ಎಂದರೆ ದಪ್ಪ ಪೋಸ್ಟಿಗೆ ಮಾಡಿದ ಕ್ಲಾಂಪುಗಳು ಸಣ್ಣ ಪೋಸ್ಟಿನ ಬ್ಯಾಟರಿಯ ಮೇಲೆ ಕುಳಿತಿವೆ ಎಂದೇ ಮೊದಲು ಅನುಮಾನಿಸಬೇಕು.

ನಮ್ಮ ಕಾರುಗಳಲ್ಲಿ ಬ್ಯಾಟರಿಯ ತಲೆಯ ಮೇಲೆ ನಿಂತಿರುವ ಸೀಸದ ಪೋಸ್ಟ್ ಎರಡು ಅಳತೆಗಳಲ್ಲಿ ಬರುತ್ತದೆ. ದಪ್ಪನೆಯದರಲ್ಲಿ ಪಾಸಿಟಿವ್ ಪೋಸ್ಟಿನ ತುದಿಯ ವ್ಯಾಸ ಸುಮಾರು 17.5 ಮಿ.ಮೀ., ನೆಗೆಟಿವ್‌ನದು 15.9 ಮಿ.ಮೀ. ಜಪಾನಿನ ಜೆಐಎಸ್ ಮಾನದಂಡದ ಸಣ್ಣ ಪೋಸ್ಟಿನಲ್ಲಿ ಇವೇ ಅಳತೆಗಳು 14.7 ಮತ್ತು 13 ಮಿ.ಮೀ. ಎರಡರಲ್ಲೂ ಪಾಸಿಟಿವ್ ತುಸು ದಪ್ಪ. ಅವಸರದಲ್ಲಿ ತಂತಿಗಳು ಅದಲುಬದಲಾಗದಿರಲಿ ಎಂದೇ ಹಾಗೆ ಮಾಡಿದ್ದಾರೆ. ಪೋಸ್ಟ್ ನೇರ ಕೊಳವೆಯಂತಿರುವುದಿಲ್ಲ. ಕೆಳಗಿಳಿದಂತೆ 9 ಮಿ.ಮೀ.ಗೆ 1 ಮಿ.ಮೀ.ನಷ್ಟು ವ್ಯಾಸ ಹೆಚ್ಚುತ್ತದೆ. ಕ್ಲಾಂಪಿನ ಒಳಮೈಗೂ ಅದೇ ಓರೆ ಇರುವುದರಿಂದ ಎರಡೂ ಸುತ್ತಲೂ ಮೈಗೆ ಮೈ ತಾಗಿ ಕೂರುತ್ತವೆ.

ದಪ್ಪ ಮತ್ತು ಸಣ್ಣ ಪೋಸ್ಟುಗಳ ನಡುವಿನ ವ್ಯತ್ಯಾಸ 3 ಮಿ.ಮೀ. ಕೂಡ ಇಲ್ಲ, ಬೋಲ್ಟ್ ಬಿಗಿದರೆ ಸರಿಹೋಗಬೇಕಲ್ಲ ಎನ್ನಿಸಬಹುದು. ಆದರೆ ಅದು ವ್ಯಾಸದ ಲೆಕ್ಕ. ಸುತ್ತಳತೆಯಲ್ಲಿ ಅದು ಸುಮಾರು 9 ಮಿ.ಮೀ. ಆಗುತ್ತದೆ. ಕ್ಲಾಂಪಿನ ಸೀಳು ಅಷ್ಟು ಅಗಲವಾಗಿರುವುದಿಲ್ಲ. ಆದ್ದರಿಂದ ಎರಡು ತುಟಿಗಳೂ ಒಂದಕ್ಕೊಂದು ತಾಗಿ ನಿಂತರೂ ಒಳಗೆ ಪೋಸ್ಟ್ ಆಡುತ್ತಲೇ ಇರುತ್ತದೆ. ನಿಮ್ಮ ಕ್ಲಾಂಪನ್ನು ಮೇಲಿನಿಂದ ನೋಡಿ. ಬಿಗಿದ ಮೇಲೂ ಸೀಳಿನಲ್ಲಿ ಸ್ವಲ್ಪ ಸಂದು ಉಳಿದಿರಬೇಕು. ತುಟಿಗಳು ಮುಚ್ಚಿಕೊಂಡಿದ್ದರೆ ಬೋಲ್ಟಿಗೆ ಬಿದ್ದ ಬಲವೆಲ್ಲ ಕ್ಲಾಂಪನ್ನೇ ಹಿಸುಕುತ್ತಿದೆ, ಪೋಸ್ಟಿಗೆ ಏನೂ ತಲುಪುತ್ತಿಲ್ಲ.

ಇನ್ನು, ದೀಪ ಹಾರ್ನ್ ಸರಿ ಇದ್ದು ಸೆಲ್ಫ್ ಮಾತ್ರ ಕೈಕೊಡುವುದೇಕೆ? ಸಡಿಲ ಜಾಗದಲ್ಲಿ 0.01 ಓಮ್ ರೋಧವಿದೆ ಎಂದುಕೊಳ್ಳಿ. ಹೆಡ್‌ಲೈಟುಗಳು ಎಳೆಯುವುದು 10 ಆಂಪಿಯರ್ ಆಸುಪಾಸು. ಅಲ್ಲಿ ನಷ್ಟವಾಗುವುದು 0.1 ವೋಲ್ಟ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರ್ ಮೋಟಾರ್ 150 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 1.5 ವೋಲ್ಟ್ ಬಿದ್ದುಹೋಗುತ್ತದೆ, ಜೊತೆಗೆ 225 ವಾಟ್ ಶಾಖ ಹುಟ್ಟುತ್ತದೆ. ಹೀಗೆ ಒಳ್ಳೆಯ ಬ್ಯಾಟರಿಗಳನ್ನು ಕೆಟ್ಟವೆಂದು ಬದಲಾಯಿಸಿ ಎಷ್ಟೋ ಜನ ಸುಮ್ಮನೆ ದುಡ್ಡು ಕಳೆಯುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟಿನಲ್ಲಿ ಇಟ್ಟು, ಒಂದು ಮುಳ್ಳನ್ನು ಪೋಸ್ಟಿನ ನೆತ್ತಿಗೂ ಇನ್ನೊಂದನ್ನು ಅದರ ಕ್ಲಾಂಪಿಗೂ ಒತ್ತಿ ಹಿಡಿದು, ಬೇರೆಯವರಿಂದ ಸೆಲ್ಫ್ ಹೊಡೆಸಿ. ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. 0.2 ವೋಲ್ಟ್ ದಾಟಿದರೆ ತಪ್ಪು ಅಲ್ಲೇ ಇದೆ.

ತಗಡಿನ ಚೂರನ್ನು ಇವತ್ತೇ ತೆಗೆಯಿಸಿ. ಅದು ಎರಡು ಮೂರು ಕಡೆ ಮಾತ್ರ ತಾಗುತ್ತದೆ, ತುಕ್ಕು ಹಿಡಿಯುತ್ತದೆ, ಹೊಂಡ ಗುಂಡಿಯ ರಸ್ತೆಯಲ್ಲಿ ಸರಿದು ಬೀಳುತ್ತದೆ. ಮೊಳೆ ಹೊಡೆದು ಕೂರಿಸುವವರೂ ಇದ್ದಾರೆ; ಮೆತ್ತನೆಯ ಸೀಸಕ್ಕೆ ಅದು ನೇರ ಗಾಯ. ಎಂಜಿನ್ ಓಡುವಾಗ ಕ್ಲಾಂಪ್ ಕಳಚಿಕೊಂಡರೆ ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ಮೇಲೇರಿ ಕಾರಿನ ಎಲೆಕ್ಟ್ರಾನಿಕ್ ಘಟಕಗಳನ್ನು ಸುಡಬಲ್ಲದು.

ಈಗ ಬ್ಯಾಟರಿಯ ಸ್ಟಿಕ್ಕರಿನಲ್ಲಿರುವ ಸಂಕೇತ ಓದಿ. ಜೆಐಎಸ್ ಸಂಕೇತಗಳಲ್ಲಿ 46ಬಿ24ಎಲ್ ಮತ್ತು 46ಬಿ24ಎಲ್‌ಎಸ್ ಎಂಬೆರಡೂ ಇವೆ. ಗಾತ್ರ ಒಂದೇ, ಟ್ರೇಯಲ್ಲಿ ಎರಡೂ ಸರಿಯಾಗಿ ಕೂರುತ್ತವೆ. ಕೊನೆಯ 'ಎಸ್' ಇದ್ದರೆ ದಪ್ಪ ಪೋಸ್ಟ್, ಇಲ್ಲದಿದ್ದರೆ ಸಣ್ಣದು. 24 ಎಂಬುದು ಸೆಂಟಿಮೀಟರಿನಲ್ಲಿ ಉದ್ದ. 'ಎಲ್' ಅಥವಾ 'ಆರ್' ಎಂಬುದು ಪಾಸಿಟಿವ್ ನೆಗೆಟಿವ್ ಯಾವ ಬದಿಗಿವೆ ಎಂಬುದರ ಗುರುತು. ಡಿನ್ (ಜರ್ಮನ್ ಮಾನದಂಡದ) ಮಾದರಿಯ ಬ್ಯಾಟರಿಗಳಿಗೆ ದಪ್ಪ ಪೋಸ್ಟೇ ಇರುತ್ತದೆ. ಹೊಸ ಬ್ಯಾಟರಿಯ ಸಂಕೇತವನ್ನು ಕಾರಿನ ಕೈಪಿಡಿಯ ಜೊತೆ ಹೋಲಿಸಿ, 'ಎಸ್' ತಪ್ಪಿಹೋಗಿದ್ದರೆ ಅಂಗಡಿಗೆ ಹೋಗಿ ಬದಲಾಯಿಸಿಕೊಡಿ ಎಂದು ಗಟ್ಟಿಯಾಗಿ ಕೇಳಿ. ಬದಲಾಯಿಸಲು ಆಗದಿದ್ದರೆ, ಸಣ್ಣ ಪೋಸ್ಟನ್ನು ದಪ್ಪ ಮಾಡಲೆಂದೇ ತಯಾರಿಸಿದ, ಒಳಗೂ ಹೊರಗೂ ಓರೆಯಿರುವ ಸೀಸದ ಅಥವಾ ಹಿತ್ತಾಳೆಯ ಕೊಳವೆ (ಸ್ಲೀವ್) ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಪಾಸಿಟಿವ್‌ಗೆ ಒಂದು, ನೆಗೆಟಿವ್‌ಗೆ ಇನ್ನೊಂದು ಅಳತೆ, ನೋಡಿ ಹಾಕಿಸಿ.

ಸಂಕೇತ ಸರಿ ಇದ್ದು ಒಂದೇ ಕಡೆ ಸಡಿಲವಿದ್ದರೆ, ಆ ಕ್ಲಾಂಪ್ ಹಿಗ್ಗಿಹೋಗಿದೆ ಎಂದರ್ಥ. ಹೊಸದು ಹಾಕಿಸಿ. ಉಲ್ಟಾ ಸಮಸ್ಯೆಯೂ ಉಂಟು: ಸಣ್ಣ ಕ್ಲಾಂಪ್ ದಪ್ಪ ಪೋಸ್ಟಿಗೆ ಇಳಿಯದೆ ಕುಳಿತಾಗ ಸುತ್ತಿಗೆಯಿಂದ ಬಡಿಯುತ್ತಾರೆ, ಇಲ್ಲವೇ ಪೋಸ್ಟನ್ನೇ ಹೆರೆಯುತ್ತಾರೆ. ಎರಡನ್ನೂ ಒಪ್ಪಬೇಡಿ. ಬಡಿತಕ್ಕೆ ಪೋಸ್ಟಿನ ಬುಡ ಬಿರುಕು ಬಿಟ್ಟರೆ ಅಲ್ಲಿಂದ ಆಮ್ಲ ಜಿನುಗುತ್ತದೆ.

ಜೋಡಿಸುವಾಗ ಕ್ರಮ ಮುಖ್ಯ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕಾರಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿರುವುದರಿಂದ, ಅದು ಜೋಡಿಸಿರುವಾಗ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಬಾನೆಟ್ಟಿನ ಒಳಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ ಒಣಗಿಸಿ; ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಪೋಸ್ಟನ್ನು ಉಪ್ಪು ಕಾಗದದಿಂದ ಹೊಳಪು ಬರುವಷ್ಟೇ ಉಜ್ಜಿ, ಕ್ಲಾಂಪನ್ನು ಪೋಸ್ಟಿನ ತುದಿ ಅದರ ಮೇಲಂಚಿಗೆ ಸಮವಾಗುವವರೆಗೆ ಒತ್ತಿ ಇಳಿಸಿ. 10ರ ಸ್ಪ್ಯಾನರಿನಲ್ಲಿ ಸುಮಾರು 5 ನ್ಯೂಟನ್ ಮೀಟರ್ ಬಿಗಿತ ಸಾಕು. ಒಂದು ಗೇಣಿಗಿಂತ ಚಿಕ್ಕದಾದ, 10 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಐದು ಕಿಲೋ ಭಾರದಷ್ಟು ಎಳೆತ. ವ್ಯಾಸಲೀನ್ ಹಚ್ಚುವುದು ಬಿಗಿದಾದ ಮೇಲೆ, ಹೊರಗಡೆಯಿಂದ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಎಂಜಿನ್ ನಿಮ್ಮದಾದರೆ, ನೆಗೆಟಿವ್ ಕ್ಲಾಂಪಿಗೆ ಅಂಟಿಕೊಂಡಿರುವ ಸಣ್ಣ ಸೆನ್ಸರ್ ಮೇಲೆ ಮಾತ್ರ ಬಲ ಹಾಕಬೇಡಿ.