ಮರಿ ಆಸ್ಪ್ರೆಗೆ ಆಫ್ರಿಕಾದ ದಾರಿ ತೋರಿಸುವವರು ಯಾರು?

ಪ್ರಶ್ನೆ: "ಸರ್, ಬ್ರಿಟನ್ನಿನ ವೇಲ್ಸ್‌ನಲ್ಲಿರೋ ಡೈಫಿ ಆಸ್ಪ್ರೆ ಗೂಡನ್ನು ಏಪ್ರಿಲ್‌ನಿಂದ ಮನೆಮಂದಿಯೆಲ್ಲ ಲೈವ್ ನೋಡ್ತಾ ಇದೀವಿ. ಈಗ ತಾಯಿ ಹಕ್ಕಿ ಕಾಣಿಸ್ತಾನೇ ಇಲ್ಲ. ಮರಿಗಳು ಮಾತ್ರ ಗೂಡಲ್ಲಿ ಕೂತು ಕಿರುಚ್ತಿವೆ. ಇವನ್ನು ಆಫ್ರಿಕಾಗೆ ಕರ್ಕೊಂಡು ಹೋಗೋದು ಯಾರು? ಅಪ್ಪನಾ?"

ಯಾರೂ ಇಲ್ಲ. ಅಮ್ಮನೂ ಅಲ್ಲ, ಅಪ್ಪನೂ ಅಲ್ಲ. ಆಸ್ಪ್ರೆ ಅಂದರೆ ಮೀನು ಹಿಡಿದು ತಿನ್ನುವ, ಚಳಿಗಾಲಕ್ಕೆ ವಲಸೆ ಹೋಗುವ ಬೇಟೆ ಹಕ್ಕಿ. ಅದರ ಮರಿ ಒಂಟಿಯಾಗಿಯೇ ಹೋಗುತ್ತದೆ.

ಇಷ್ಟಕ್ಕೇ ಬಿಟ್ಟರೆ ನೀವು ಒಪ್ಪಲ್ಲ ಅಂತ ಗೊತ್ತು. ಆಗಸ್ಟ್ ಬಂತೆಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ಮಾತು. ಮೊದಲು ಒಬ್ಬರು "ಅಮ್ಮ ಎರಡು ದಿನದಿಂದ ಇಲ್ಲ" ಅಂತಾರೆ, ಇನ್ನೊಬ್ಬರು "ಅಯ್ಯೋ, ಏನಾದರೂ ಆಯ್ತಾ?" ಅಂತಾರೆ, ಆಮೇಲೆ ಎಲ್ಲ ತಿಳಿದ ಮೂರನೆಯವರು ಬಂದು "ಹಾಗೇನಿಲ್ಲ, ಮುಂದೆ ಹೋಗಿ ಸ್ಪೇನ್‌ನಲ್ಲಿ ಮರಿಗಳಿಗಾಗಿ ಕಾಯ್ತಾ ಇರ್ತಾಳೆ" ಅಂತ ಸಮಾಧಾನ ಹೇಳುತ್ತಾರೆ. ಎಲ್ಲರೂ ನೆಮ್ಮದಿಯಿಂದ ಮಲಗುತ್ತಾರೆ. ಆ ಮೂರನೆಯವರ ಜೊತೆ ವರ್ಷಾವರ್ಷ ವಾದ ಮಾಡಿ ಸಾಕಾಗಿದೆ. ಅದಕ್ಕೇ ಈ ಸಲ ಪೂರ್ತಿ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ತೋರಿಸಿಬಿಡುವುದು.

ಮೊದಲು ದಿನಗಳ ಲೆಕ್ಕ ನೋಡಿ. ಬ್ರಿಟನ್ನಿನ ಗೂಡುಗಳಿಗೆ ಆಸ್ಪ್ರೆಗಳು ಬರುವುದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಮೊಟ್ಟೆಗೆ ಸುಮಾರು 37 ದಿನ ಕಾವು. ಮರಿ ರೆಕ್ಕೆ ಬಲಿತು ಗೂಡು ಬಿಡಲು ಇನ್ನೂ ಏಳೆಂಟು ವಾರ. ಅಂದರೆ ಜುಲೈ. ಅಲ್ಲಿಯವರೆಗೆ ಮೀನು ತರುವ ಕೆಲಸ ಹೆಚ್ಚುಕಮ್ಮಿ ಪೂರ್ತಿ ಗಂಡಿನದು, ಗೂಡು ಕಾಯುವ ಕೆಲಸ ಹೆಣ್ಣಿನದು. ಮರಿಗಳು ಹಾರಲು ಶುರು ಮಾಡಿದ ಮೇಲೆ ಹೆಣ್ಣಿಗೆ ಅಲ್ಲಿ ಕೆಲಸವಿಲ್ಲ. ಆಗಸ್ಟ್ ಮೊದಲ ಹದಿನೈದು ದಿನದಲ್ಲಿ ಸಾಮಾನ್ಯವಾಗಿ ಅದು ಹೊರಟುಬಿಡುತ್ತದೆ. ಮರಿಗಳು ಆಗಿನ್ನೂ ಅಪ್ಪ ತಂದ ಮೀನಿಗೆ ಕಿತ್ತಾಡುತ್ತಿರುತ್ತವೆ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲ ವಾರಕ್ಕೋ ಮರಿಗಳು ಹೊರಡುತ್ತವೆ. ಅವೂ ಒಟ್ಟಿಗೆ ಅಲ್ಲ, ಒಂದು ಇವತ್ತು, ಇನ್ನೊಂದು ನಾಲ್ಕು ದಿನ ಬಿಟ್ಟು. ಕೊನೆಯ ಮರಿ ಹೋದದ್ದು ಖಾತ್ರಿಯಾದ ಮೇಲೆ ಸಾಮಾನ್ಯವಾಗಿ ಗಂಡು ಹೊರಡುತ್ತದೆ. ಈಗ ಹೇಳಿ, ಅಮ್ಮ ಆಗಲೇ ಸಹಾರಾ ದಾಟಿದ್ದಾಳೆ, ಅಪ್ಪ ಇನ್ನೂ ವೇಲ್ಸ್‌ನಲ್ಲಿದ್ದಾನೆ. ಮರಿಯ ಮುಂದೆ ಹಾರುತ್ತಿರುವುದು ಯಾರು?

"ಇರಬಹುದು, ಆದರೆ ಗೂಡಲ್ಲಿದ್ದಾಗಲೇ ಏನೋ ಕಲಿಸಿರುತ್ತವೆ" ಅನ್ನುವವರಿದ್ದಾರೆ. ಅವರಿಗಾಗಿಯೇ ಇಂಗ್ಲೆಂಡಿನ ರಟ್‌ಲ್ಯಾಂಡ್ ಕಥೆ.

ಬ್ರಿಟನ್ನಿನಲ್ಲಿ ಆಸ್ಪ್ರೆಗಳು ಗೂಡು ಕಟ್ಟುವುದೇ 1916ರ ಹೊತ್ತಿಗೆ ನಿಂತುಹೋಗಿತ್ತು. ಬೇಟೆ ಮತ್ತು ಮೊಟ್ಟೆ ಕದಿಯುವವರ ಕಾಟ. 1954ರಲ್ಲಿ ಸ್ಕಾಟ್ಲೆಂಡಿಗೆ ತಾವಾಗಿಯೇ ಮರಳಿದವು. ಲಾಕ್ ಗಾರ್ಟನ್ ಕೆರೆಯ ಪಕ್ಕದ ಗೂಡಿಗೆ ಹಗಲೂ ರಾತ್ರಿ ಕಾವಲು ಹಾಕಬೇಕಾಯಿತು. ಕಾವಲಿದ್ದರೂ 1958ರಲ್ಲಿ ಒಬ್ಬ ಕತ್ತಲಲ್ಲಿ ಮರ ಹತ್ತಿ ಮೊಟ್ಟೆ ಕದ್ದ! ಮರುವರ್ಷ ಮರಿಗಳು ಹಾರಿದವು, ಜನ ಸಾಲುಗಟ್ಟಿ ನೋಡಲು ಬಂದರು. ಆದರೆ ಇಂಗ್ಲೆಂಡಿನಲ್ಲಿ ಮಾತ್ರ ಒಂದೂ ಗೂಡಿಲ್ಲ. ಆಸ್ಪ್ರೆ ತಾನು ಹುಟ್ಟಿ ಬೆಳೆದ ಕಡೆಯೇ ಮನೆ ಮಾಡುವ ಹಕ್ಕಿ, ಹೊಸ ಊರಿಗೆ ಹರಡುವುದು ತುಂಬ ನಿಧಾನ. ಹಾಗಾಗಿ 1996ರಿಂದ 2001ರವರೆಗೆ ಸ್ಕಾಟ್ಲೆಂಡಿನ ಗೂಡುಗಳಿಂದ ಆರು ವಾರದ ಆಸುಪಾಸಿನ ಮರಿಗಳನ್ನು ತಂದು, 500 ಕಿಲೋಮೀಟರಿಗೂ ದೂರದ ರಟ್‌ಲ್ಯಾಂಡ್ ಜಲಾಶಯದ ದಡದಲ್ಲಿ ದೊಡ್ಡ ಪಂಜರದಲ್ಲಿಟ್ಟು, ಮನುಷ್ಯರ ಮುಖ ಕಾಣದ ಹಾಗೆ ಮೀನಿನ ತುಂಡು ಹಾಕಿ ಬೆಳೆಸಿದರು. ರೆಕ್ಕೆ ಬಲಿತ ಮೇಲೆ ಪಂಜರದ ಬಾಗಿಲು ತೆಗೆದರು. ಸುತ್ತ ನೂರಾರು ಮೈಲಿಯಲ್ಲಿ ಗೂಡು ಕಟ್ಟಿದ ಒಂದು ಆಸ್ಪ್ರೆ ಜೋಡಿ ಇಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಮೀನು ಹಿಡಿಯುವುದು ಹೇಗೆ ಅಂತ ತೋರಿಸುವ ದೊಡ್ಡಪ್ಪನೂ ಇಲ್ಲ. ಆ ಮರಿಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎದ್ದು ದಕ್ಷಿಣಕ್ಕೆ ಹೊರಟವು.

1999ರಲ್ಲಿ ಅವುಗಳಲ್ಲಿ ಕೆಲವು ವಾಪಸ್ ಬಂದವು. ಎಲ್ಲಿಗೆ? ಹುಟ್ಟಿದ ಸ್ಕಾಟ್ಲೆಂಡಿಗಲ್ಲ, ಮೊದಲ ಸಲ ಆಕಾಶಕ್ಕೆ ಏರಿದ ರಟ್‌ಲ್ಯಾಂಡಿಗೆ. 2001ರಲ್ಲಿ ಅವುಗಳಲ್ಲೊಂದು ಗಂಡು ಅಲ್ಲೇ ಸಂಸಾರ ಹೂಡಿ ಮರಿ ಮಾಡಿತು. 03(97) ಅನ್ನುವುದು ಗುರುತಿಗಾಗಿ ಕಾಲಿಗೆ ಹಾಕಿದ ಉಂಗುರದಿಂದ ಅದಕ್ಕೆ ಬಂದ ಹೆಸರು, ಜನ ಪ್ರೀತಿಯಿಂದ ಮಿಸ್ಟರ್ ರಟ್‌ಲ್ಯಾಂಡ್ ಅಂದರು. ಈಗ ಅಲ್ಲಿ ಕ್ಯಾಮೆರಾದಲ್ಲಿ ನೀವು ನೋಡುವ ಹಕ್ಕಿಗಳ ವಂಶ ಶುರುವಾಗಿದ್ದು ಹೀಗೆ, ಅಪ್ಪ ಅಮ್ಮ ಕೈಹಿಡಿದು ಕರೆದೊಯ್ಯದ ಮಕ್ಕಳಿಂದ. ಇದಾದ ಮೇಲೂ "ತಾಯಿ ಸ್ಪೇನ್‌ನಲ್ಲಿ ಕಾಯ್ತಾಳೆ" ಅಂದರೆ ನಾನೇನು ಹೇಳಲಿ!

ಹಾಗಾದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಯಾಕೆ ಕೂತಿದೆ? ಕಾರಣ ಇದೆ. ಕೆಲವು ಹಕ್ಕಿಗಳ ವಿಷಯದಲ್ಲಿ ಅದು ನಿಜ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ. ಅವು ಸಂಸಾರ ಸಮೇತ ಬರುವವು, ಮರಿಗಳು ದೊಡ್ಡವರ ಜೊತೆ ಹಾರಿಯೇ ದಾರಿ ಕಲಿಯುತ್ತವೆ. ಕೊಕ್ಕರೆಯಂಥ ಉದ್ದ ಕಾಲಿನ ಕ್ರೇನ್‌ಗಳೂ ಹಾಗೆಯೇ. ಅಮೆರಿಕದಲ್ಲಿ ಅಳಿವಿನಂಚಿನ ಹೂಪಿಂಗ್ ಕ್ರೇನ್ ಮರಿಗಳನ್ನು ಕೈಯಲ್ಲಿ ಬೆಳೆಸಿದಾಗ ದಾರಿ ತೋರಿಸಲು ಹಿರಿಯರಿಲ್ಲದೆ, 2001ರಲ್ಲಿ ಪುಟ್ಟ ವಿಮಾನವೊಂದರ ಹಿಂದೆ ಅವನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾದವರೆಗೆ ಹಾರಿಸಿಕೊಂಡು ಹೋದರು. ಆ ವಿಡಿಯೊ ಚೆಂದ, ಎಲ್ಲರೂ ನೋಡಿದ್ದಾರೆ, ನೋಡಿ ಎಲ್ಲ ಹಕ್ಕಿಗೂ ಅದೇ ನಿಯಮ ಅಂದುಕೊಂಡಿದ್ದಾರೆ. ಹೆಬ್ಬಾತಿನ ನಿಯಮ ಆಸ್ಪ್ರೆಗೆ ಅನ್ವಯಿಸಲ್ಲ. ಯುರೋಪಿನ ಕುಕ್ಕೂ ಹಕ್ಕಿಯ ಮರಿ ಹುಟ್ಟಿಸಿದವರ ಮುಖವನ್ನೇ ಕಂಡಿರಲ್ಲ, ಯಾವುದೋ ಪುಟ್ಟ ಹಕ್ಕಿಯ ಗೂಡಲ್ಲಿ ಬೆಳೆದಿರುತ್ತದೆ, ಹೆತ್ತವರು ವಾರಗಟ್ಟಲೆ ಮೊದಲೇ ಹೊರಟುಹೋಗಿರುತ್ತಾರೆ. ಆದರೂ ಅದು ಆಫ್ರಿಕಾ ಸೇರುತ್ತದೆ.

ಹುಟ್ಟುತ್ತಲೇ ಮರಿಯೊಳಗೆ ಇರುವುದು ನಕ್ಷೆ ಅಲ್ಲ. ಇದನ್ನೂ ತಪ್ಪು ತಿಳಿಯಬೇಡಿ. ಇರುವುದು ಒಂದು ದಿಕ್ಕು, ಮತ್ತು ಸುಮಾರು ಎಷ್ಟು ಕಾಲ ಹಾರಬೇಕು ಅನ್ನುವ ಒಂದು ಒತ್ತಡ, ಅಷ್ಟೇ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಇವುಗಳಿಂದ ಹಕ್ಕಿಗಳು ದಿಕ್ಕು ಹಿಡಿಯುತ್ತವೆ. ಪೆರ್ಡೆಕ್ ಅನ್ನುವ ಡಚ್ ವಿಜ್ಞಾನಿ 1950ರ ದಶಕದಲ್ಲಿ ಮಾಡಿದ ಪ್ರಯೋಗ ಇದಕ್ಕೆ ಒಳ್ಳೆ ಸಾಕ್ಷಿ. ಹೇಗ್ ನಗರದ ಬಳಿ ಹಾದುಹೋಗುತ್ತಿದ್ದ ಸ್ಟಾರ್ಲಿಂಗ್‌ಗಳನ್ನು, ನಮ್ಮ ಗೊರವಂಕದ ನೆಂಟರು ಅವು, ಸಾವಿರಗಟ್ಟಲೆ ಹಿಡಿದು ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಸಾಗಿಸಿ ಬಿಟ್ಟರು. ಹಿಂದೆ ಒಮ್ಮೆ ಪಯಣ ಮಾಡಿದ್ದ ದೊಡ್ಡ ಹಕ್ಕಿಗಳು ಎಲ್ಲೋ ಎಡವಟ್ಟಾಗಿದೆ ಅಂತ ತಿಳಿದು, ದಿಕ್ಕು ಬದಲಿಸಿ, ತಮ್ಮ ಮಾಮೂಲಿ ಚಳಿಗಾಲದ ಊರಿನ ಕಡೆ, ಉತ್ತರ ಫ್ರಾನ್ಸ್ ಮತ್ತು ಇಂಗ್ಲೆಂಡಿನತ್ತ ತಿರುಗಿದವು. ಮರಿಗಳು ಮಾತ್ರ ಹೇಗ್‌ನಲ್ಲಿ ಹಾರುತ್ತಿದ್ದ ದಿಕ್ಕಿನಲ್ಲೇ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ತಲುಪಿದವು. ಸೀಟಿನಲ್ಲಿ ನಿದ್ದೆ ಮಾಡಿ ಬೇರೆ ಸ್ಟಾಪಲ್ಲಿ ಇಳಿದವನು ಬಲಕ್ಕೆ ಹೋಗು ಅಂದಿದ್ದಾರೆ ಅಂತ ಬಲಕ್ಕೇ ನಡೆದ ಹಾಗೆ.

ಆಸ್ಪ್ರೆ ಮರಿಗಳ ಕಷ್ಟವೂ ಇದೇ. ಪಕ್ಕದಿಂದ ಜೋರು ಗಾಳಿ ಬಂದರೆ ಅನುಭವಿ ಹಕ್ಕಿ ಅದನ್ನು ಲೆಕ್ಕ ಹಾಕಿ ಸರಿದೂಗಿಸಿಕೊಳ್ಳುತ್ತದೆ, ಮರಿಗೆ ಅದು ತಿಳಿಯಲ್ಲ, ಗಾಳಿ ಒಯ್ದ ಕಡೆ ವಾಲುತ್ತಾ ಹೋಗುತ್ತದೆ. ಬೆನ್ನಿಗೆ ಉಪಗ್ರಹ ಟ್ಯಾಗ್ ಹಾಕಿದ ಮರಿಗಳು ಪೂರ್ವದ ಗಾಳಿಗೆ ಸಿಕ್ಕಿ ಅಟ್ಲಾಂಟಿಕ್ ಮೇಲೆ ದಾರಿ ತಪ್ಪಿದ್ದು, ಅಲ್ಲೇ ಸಿಗ್ನಲ್ ನಿಂತದ್ದು ಎಷ್ಟೋ ಸಲ ಆಗಿದೆ. ಅರ್ಧಕ್ಕೂ ಜಾಸ್ತಿ ಮರಿಗಳು ತವರಿಗೆ ಮರಳುವುದೇ ಇಲ್ಲ. ತಾಯಿ ಜೊತೆಗಿದ್ದಿದ್ದರೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ, ತಪ್ಪಿಲ್ಲ. ಆದರೆ ಉಳಿದ ಮರಿ ಒಂದೇ ಪಯಣದಲ್ಲಿ ಕಲಿತದ್ದನ್ನು ಮರೆಯಲ್ಲ. 30(05) ಅನ್ನುವ ರಟ್‌ಲ್ಯಾಂಡ್ ಹೆಣ್ಣಿಗೆ 2013ರಲ್ಲಿ ಟ್ಯಾಗ್ ಹಾಕಿದರು. ವರ್ಷ ವರ್ಷವೂ ಅದು ಸುಮಾರು 4,800 ಕಿಲೋಮೀಟರ್ ಹಾರಿ ಸೆನೆಗಲ್‌ನ ಅದೇ ಕಡಲತೀರಕ್ಕೆ ಬಂದು ಕೂತಿತು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಏಪ್ರಿಲ್‌ನಲ್ಲಿ ಕೇಳೇ ಕೇಳ್ತೀರಿ. ಗಂಡು ಹೆಣ್ಣು ಚಳಿಗಾಲದಲ್ಲೂ ಒಟ್ಟಿಗೆ ಇರುತ್ತವಾ? ಇಲ್ಲ. ಡೈಫಿ ಗೂಡಿನ ಹೆಣ್ಣು ಟೆಲಿನ್ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕಂಡಿದೆ, ನೀಲಿ ಉಂಗುರದ ಮೇಲೆ 3ಜೆ ಅಂತ ಓದಿ ಗುರುತಿಸಿದರು. ಅದರ ಜೋಡಿ ಪಕ್ಕದ ಕೊಂಬೆಯಲ್ಲಿ ಕೂತಿರುತ್ತೆ ಅಂದುಕೊಳ್ಳಬೇಡಿ. ಒಂದು ಜೋಡಿಯ ಗಂಡು ಹೆಣ್ಣು ಬೇರೆ ಬೇರೆ ದೇಶಗಳಲ್ಲಿ ಚಳಿಗಾಲ ಕಳೆಯುವುದು ಮಾಮೂಲು. ಆರು ತಿಂಗಳು ಸುದ್ದಿಯಿಲ್ಲ, ಸಮಾಚಾರವಿಲ್ಲ. ಮತ್ತೆ ಸೇರಿಸುವುದು ಗೂಡು. ಎರಡಕ್ಕೂ ಆ ಗೂಡು ಬೇಕು, ಎರಡೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಬರುತ್ತವೆ. ಒಂದು ತಡಮಾಡಿದರೆ ಇನ್ನೊಂದು ಜಾಸ್ತಿ ದಿನ ಕಾಯಲ್ಲ, ಹೊಸ ಜೋಡಿ ಹುಡುಕಿಕೊಳ್ಳುತ್ತದೆ. ಆಮೇಲೆ ಹಳಬ ಬಂದರೆ ರಂಪ. ತಡವಾಗಿ ಬಂದ ಗಂಡು ಇನ್ನೊಂದರ ಮೊಟ್ಟೆಗಳನ್ನು ಗೂಡಿನಿಂದ ಆಚೆ ಒದ್ದದ್ದನ್ನು ಲಾಕ್ ಗಾರ್ಟನ್‌ನಲ್ಲಿ ಜನ ಕಣ್ಣಾರೆ ನೋಡಿದ್ದಾರೆ. ಪ್ರೇಮಕಥೆ ಬರೆಯುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಇನ್ನು ನಮ್ಮ ಕಬಿನಿ ಹಿನ್ನೀರಿನ ಒಣಮರದ ಮೇಲೆ ಚಳಿಗಾಲದಲ್ಲಿ ಕಾಣಸಿಗುವ ಆಸ್ಪ್ರೆ. ಅದು ರಟ್‌ಲ್ಯಾಂಡಿನದೋ ಡೈಫಿಯದೋ ಇರಬಹುದಾ ಅಂತ ಆಸೆಯಿಂದ ಕೇಳುವವರು ಇದ್ದಾರೆ. ಆಗಲಿಕ್ಕಿಲ್ಲ. ಬ್ರಿಟನ್ನಿನವು ಪಶ್ಚಿಮ ಆಫ್ರಿಕಾಗೆ ಹೋಗುತ್ತವೆ, ನಮ್ಮಲ್ಲಿಗೆ ಬರುವವು ಏಷ್ಯಾದ ಉತ್ತರ ಭಾಗದ ಕಡೆಯವು. ಮೇ, ಜೂನ್‌ನಲ್ಲೂ ಒಂದು ಅಲ್ಲೇ ಉಳಿದಿದ್ದರೆ ಗಾಬರಿ ಬೇಡ, ಗಾಯವಾಗಿದೆ ಅಂತ ಫಾರೆಸ್ಟ್‌ನವರಿಗೆ ಫೋನ್ ಮಾಡುವುದೂ ಬೇಡ. ಮರಿಗಳು ಮೊದಲ ಬೇಸಿಗೆ ವಾಪಸ್ ಹೋಗುವುದೇ ಇಲ್ಲ, ಚಳಿಗಾಲ ಕಳೆದ ಊರಲ್ಲೇ ಉಳಿದು ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ತವರಿಗೆ ಹೊರಡುತ್ತವೆ. ಹಾಗೆ ಕೂತದ್ದು ಬಹುತೇಕ ಹೋದ ವರ್ಷದ ಮರಿಯೇ ಇರುತ್ತದೆ. ಕಾಲಲ್ಲಿ ಉಂಗುರ ಕಂಡರೆ ಮಾತ್ರ ಯಾವ ಕಾಲು, ಯಾವ ಬಣ್ಣ, ಏನು ಬರೆದಿದೆ ಅಂತ ನೋಡಿ ಫೋಟೊ ತೆಗೆದು ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸಿ. ಬ್ರಿಟನ್ನಿನಲ್ಲಿ ಸ್ಕಾಟ್ಲೆಂಡಿನ ಮರಿಗಳಿಗೆ ಎಡಗಾಲಿಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನವಕ್ಕೆ ಬಲಗಾಲಿಗೆ ಬಣ್ಣದ ಉಂಗುರ ಹಾಕುತ್ತಾರೆ. ಹಾಗಾಗಿ ಬರೀ "ಉಂಗುರ ಇತ್ತು ಸರ್" ಅಂದರೆ ಯಾರಿಗೂ ಪ್ರಯೋಜನವಿಲ್ಲ, ಯಾವ ಕಾಲು ಅಂತಲೂ ಹೇಳಿ.