ವೆನಿಸ್‌ನಲ್ಲಿ ಭಾರತ ಇದ್ಯಾ ಇಲ್ವಾ?

ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯನಾಲೆ ಹತ್ರ ಬಂತು ಅಂದ್ರೆ ಕಲಾವಿದರ ಮಧ್ಯೆ ಒಂದೇ ಪ್ರಶ್ನೆ, ಈ ಸಲ ಭಾರತ ಇದ್ಯಾ? ಉತ್ತರ ಹುಡುಕೋಕೆ ಹೋದ್ರೆ ಸರ್ಕಾರದ ಪೆವಿಲಿಯನ್ (ಒಂದು ದೇಶ ತನ್ನ ಹೆಸರಲ್ಲಿ ಇಡೋ ಪ್ರದರ್ಶನ), ಖಾಸಗಿ ಫೌಂಡೇಶನ್ ಶೋ, ಕ್ಯುರೇಟರ್ (ಪ್ರದರ್ಶನಕ್ಕೆ ಕೃತಿಗಳನ್ನ ಆರಿಸೋರು) ಕರೆಸಿಕೊಂಡ ಕಲಾವಿದರು ಎಲ್ಲಾ ಕಲಸುಮೇಲೋಗರ ಆಗಿ ಯಾರು ದೇಶದ ಪರವಾಗಿ ಹೋಗಿದ್ರು, ಯಾರು ತಮ್ಮ ಪಾಡಿಗೆ ತಾವು ಹೋಗಿದ್ರು ಅನ್ನೋದೇ ಗೊತ್ತಾಗಲ್ಲ.

ಬಿಯನಾಲೆ ಶುರುವಾಗಿದ್ದು 1895ರಲ್ಲಿ. 1907ರಲ್ಲಿ ಬೆಲ್ಜಿಯಂ ಅಲ್ಲಿನ ಜಾರ್ದಿನಿ ತೋಟದಲ್ಲಿ ತನ್ನದೇ ಕಟ್ಟಡ ಕಟ್ಟಿಕೊಳ್ತು, ಆಮೇಲೆ ಜಾತ್ರೇಲಿ ಒಬ್ಬರನ್ನ ನೋಡಿ ಇನ್ನೊಬ್ಬರು ಚಪ್ಪರ ಹಾಕ್ದಂಗೆ ಒಂದೊಂದೇ ದೇಶ ಬಂತು, ಈಗ ಸುಮಾರು 30 ಇವೆ. 1938ರಲ್ಲಿ ನಾಜಿಗಳು ಜರ್ಮನಿ ಪೆವಿಲಿಯನ್ನನ್ನ ತಮ್ಮ ದರ್ಪಕ್ಕೆ ತಕ್ಕಂಗೆ ಬದಲಾಯಿಸಿದ್ರು. 1964ರಲ್ಲಿ ಅಮೆರಿಕ ಸರ್ಕಾರವೇ ಮುಂದೆ ನಿಂತು ಶೋ ಮಾಡಿಸ್ತು, ತೋಟದ ಹೊರಗಿದ್ದ ಕೃತಿಗೆ ಬಹುಮಾನ ಕೊಡಲ್ಲ ಅಂದಾಗ ಅಮೆರಿಕದ ಕಲಾವಿದ ರೌಶೆನ್‌ಬರ್ಗ್ ಚಿತ್ರಗಳನ್ನ ದೋಣಿಯಲ್ಲಿ ಹಾಕಿ ಒಳಗೆ ತಂದ್ರು, ಗೆದ್ದೂಬಿಟ್ರು. ಹೀಗೆ ಕಲೆ, ಸಂಸ್ಕೃತಿ ತೋರಿಸಿ ಬೇರೆ ದೇಶಗಳನ್ನ ಸೆಳೆಯೋದಕ್ಕೆ ಸಾಫ್ಟ್ ಪವರ್ ಅಂತ ಅಮೆರಿಕದ ಪ್ರೊಫೆಸರ್ ಜೋಸೆಫ್ ನೈ ಹೆಸರಿಟ್ಟಿದ್ದು 1990ರಲ್ಲಿ, ಕೆಲಸ ಮಾತ್ರ ಆಗ್ಲೇ ಜೋರಾಗಿ ನಡೀತಿತ್ತು. ಇದನ್ನೇ ತಿರುಗಿಸಿದ್ದು ಜರ್ಮನಿಯ ಕಲಾವಿದ ಹಾನ್ಸ್ ಹಾಕೆ. 1993ರಲ್ಲಿ ಅದೇ ಜರ್ಮನಿ ಪೆವಿಲಿಯನ್ನಿನ ಅಮೃತಶಿಲೆ ನೆಲ ಒಡೆದುಹಾಕಿ, ಅದನ್ನೇ ಕಲಾಕೃತಿ ಅಂತ ಬಿಟ್ರು. ಬಿಯನಾಲೆಯ ದೊಡ್ಡ ಬಹುಮಾನ ಗೋಲ್ಡನ್ ಲಯನ್ನೂ ಜರ್ಮನಿಗೇ ಬಂತು. ದೇಶವನ್ನ ಬೈದ್ರೂ ದೇಶದ ಹೆಸರೇ ಮೇಲೇಳುತ್ತೆ, ಇದೊಂದು ವಿಚಿತ್ರ ಲೆಕ್ಕ.

ಈಗ ನಮ್ಮ ಕಥೆ. ಜಾರ್ದಿನಿಯಲ್ಲಿ ನಮಗೆ ಸ್ವಂತ ಕಟ್ಟಡ ಇಲ್ಲ. ಮೊದಲ ರಾಷ್ಟ್ರೀಯ ಪೆವಿಲಿಯನ್ ಅಂತ ಕರೆಸಿಕೊಂಡಿದ್ದು ಆದದ್ದೇ 2011ರಲ್ಲಿ, ಲಲಿತಕಲಾ ಅಕಾಡೆಮಿ ಕಡೆಯಿಂದ, ಕ್ಯುರೇಟರ್ ರಂಜಿತ್ ಹೊಸ್ಕೋಟೆ. ಕಲಾವಿದರು ಜರೀನಾ ಹಾಶ್ಮಿ, ಗಿಗಿ ಸ್ಕಾರಿಯಾ, ಪ್ರಣೀತ್ ಸೋಯಿ ಮತ್ತೆ ಗುವಾಹಟಿಯ ಡಿಸೈರ್ ಮಷೀನ್ ಕಲೆಕ್ಟಿವ್. ಸರಿ, ಇನ್ನು ಮುಂದೆ ಹೀಗೇ ನಡೆಯುತ್ತೆ ಅಂದ್ಕೊಂಡ್ವಿ. ನಡೀಲಿಲ್ಲ. 2015ರಲ್ಲಿ ಗುಜ್ರಾಲ್ ಫೌಂಡೇಶನ್ನಿನವರು ಶಿಲ್ಪಾ ಗುಪ್ತಾ ಜೊತೆಗೆ ಲಾಹೋರಿನ ರಶೀದ್ ರಾಣಾರನ್ನೂ ಕೂರಿಸಿ ಒಂದೇ ಅರಮನೇಲಿ ಶೋ ಮಾಡಿದ್ರು, ರಾಣಾ ವೆನಿಸ್‌ನ ಒಂದು ಕೋಣೆಗೂ ಲಾಹೋರಿನ ಮಾರ್ಕೆಟ್ಟಿಗೂ ಲೈವ್ ವಿಡಿಯೋ ಜೋಡಿಸಿದ್ರು. ಎರಡು ಸರ್ಕಾರಗಳೂ ಮಾಡದೇ ಇದ್ದ ಕೆಲಸ, ಆದ್ರೆ ಅದು ಯಾವ ದೇಶದ ಪೆವಿಲಿಯನ್ನೂ ಅಲ್ಲ.

2019ರಲ್ಲಿ ಸಂಸ್ಕೃತಿ ಸಚಿವಾಲಯ ವಾಪಸ್ ಬಂತು, ನೆಪ ಗಾಂಧಿ ಹುಟ್ಟಿ 150 ವರ್ಷ. ಕ್ಯುರೇಟರ್ ರೂಬಿನಾ ಕರೋಡೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ಬರೆದಿದ್ದ ಚಿತ್ರಗಳು ಅಲ್ಲಿದ್ವು. ಜಿತೀಶ್ ಕಲ್ಲಟ್, ಗಾಂಧಿ ಹಿಟ್ಲರನಿಗೆ ಬರೆದ ಪತ್ರವನ್ನ ಮಂಜಿನ ಪರದೆ ಮೇಲೆ ಬಿಟ್ಟಿದ್ರು, ನೋಡೋರು ಅಕ್ಷರಗಳ ಒಳಗಿಂದಲೇ ನಡ್ಕೊಂಡು ಹೋಗ್ಬೇಕು. ನಮ್ಮ ಸಿಂದಗಿಯ ಜಿ.ಆರ್. ಈರಣ್ಣ ನೂರಾರು ಮರದ ಪಾದುಕೆಗಳನ್ನ ಗೋಡೆಗೆ ಹೊಡೆದಿದ್ರು, ಕೃತಿಯ ಹೆಸರು ಅಪ್ಪಟ ಕನ್ನಡದಲ್ಲಿ 'ನಾವು'. ಜಯಂತಿ ಬಂದಾಗ ಕಲೆ ನೆನಪಾಗೋದೇನೂ ತಪ್ಪಲ್ಲ ಬಿಡಿ, ಆದ್ರೆ ಮುಂದಿನ ಜಯಂತಿವರೆಗೂ ಕಾಯ್ಬೇಕು ಅಂದ್ರೆ ಕಷ್ಟ.

ಕಟ್ಟಡ ಇದ್ದೋರ ಪಾಡೂ ಸುಖವಾಗೇನಿಲ್ಲ. 2022ರಲ್ಲಿ ಯುಕ್ರೇನ್ ಯುದ್ಧ ಅಂತ ರಷ್ಯಾದ ಕಲಾವಿದರೇ ಹಿಂದೆ ಸರಿದ್ರು. 2024ರಲ್ಲಿ ಇಸ್ರೇಲಿನ ಕಲಾವಿದೆ ರೂತ್ ಪತೀರ್, ಕದನವಿರಾಮ ಆಗಿ ಒತ್ತೆಯಾಳುಗಳು ಬಿಡುಗಡೆ ಆಗೋವರೆಗೂ ಬಾಗಿಲು ತೆಗೆಯಲ್ಲ ಅಂದುಬಿಟ್ರು.

ಆ ಎರಡೂ ವರ್ಷ ಭಾರತದ ಪೆವಿಲಿಯನ್ ಇರಲಿಲ್ಲ. ಆದ್ರೆ 2024ರ ಮುಖ್ಯ ಪ್ರದರ್ಶನಕ್ಕೆ ಕ್ಯುರೇಟರ್ ಆದ್ರಿಯಾನೊ ಪೆದ್ರೋಸಾ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್‌ನವರನ್ನ ಕರೆಸಿದ್ರು, ನಮ್ಮೂರ ಗೋಡೆಗಳ ಮೇಲೆ ಬಣ್ಣ ಬಳೀತಾ ಬಂದಿದ್ದ ಟ್ರಾನ್ಸ್ ಮತ್ತಿತರ ಹೆಣ್ಣುಮಕ್ಕಳ ತಂಡ ಅದು, ಬಿಯನಾಲೆಯ ಇನ್ನೊಂದು ಜಾಗ ಆರ್ಸೆನಾಲೆಯ ದೊಡ್ಡ ಗೋಡೆ ತುಂಬಾ ಚಿತ್ರ ಬರೆದು ಬಂದ್ರು.