ಸ್ಟಾಪ್ ಒತ್ತಿದರೂ ನಿಲ್ಲದ ಮೋಟಾರು

ಶಿವಮೊಗ್ಗದ ಅಕ್ಕಿ ಗಿರಣಿಯಲ್ಲೋ ಫೌಂಡ್ರಿಯಲ್ಲೋ ಮೋಟಾರುಗಳ ದೊಡ್ಡ ಪ್ಯಾನೆಲ್ ಬಾಗಿಲು ತೆಗೆದರೆ, ಒಳಗೆ ಸಾಮಾನ್ಯವಾಗಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. 415 ವೋಲ್ಟನ್ನು 110ಕ್ಕೋ 24ಕ್ಕೋ ಇಳಿಸಿ ಬಟನ್, ಕಾಂಟ್ಯಾಕ್ಟರ್ ಕಾಯಿಲ್‌ಗಳಿಗೆ ಕೊಡುವುದು ಅದರ ಕೆಲಸ. ಕಾಂಟ್ಯಾಕ್ಟರ್ ಅಂದರೆ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು; ಅದರ ಕಾಯಿಲ್‌ಗೆ ಕರೆಂಟು ಇರುವವರೆಗೆ ಮೋಟಾರು ಓಡುತ್ತದೆ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಿಂದ, ಅಂದರೆ ಇಳಿಸಿದ ವೋಲ್ಟ್ ಸಿಗುವ ಕಡೆಯಿಂದ, ಎರಡು ವೈರು ಹೊರಡುತ್ತವೆ. ನಾವಾಗಿ ಕಟ್ಟದಿದ್ದರೆ ಎರಡಕ್ಕೂ ಅರ್ಥ್ ಸಂಬಂಧವೇ ಇಲ್ಲ. ‘ಯಾಕೆ ಸುಮ್ನೆ, ಫ್ಯೂಸ್ ಹೋಗೋದು ಜಾಸ್ತಿ ಆಗುತ್ತೆ’ ಎಂದು ಎಷ್ಟೋ ಕಡೆ ಹಾಗೇ ಬಿಡುತ್ತಾರೆ. ಆದರೆ ಆ ಫ್ಯೂಸ್ ಹೋಗಬೇಕು ಅಂತಲೇ ಅರ್ಥ್ ಮಾಡುವುದು.

ಮಲೆನಾಡಿನ ಮಳೆಗಾಲ ಗೊತ್ತಲ್ವಾ? ಪೈಪಿನೊಳಗೆ ನೀರಿಳಿದು ಬಟನ್ ಡಬ್ಬಿ ಒದ್ದೆಯಾಗುತ್ತದೆ, ಸ್ಟಾಪ್ ಬಟನ್‌ಗೆ ಕರೆಂಟು ತರುವ ಹಳೇ ವೈರಿನ ಸಿಪ್ಪೆ ಸವೆದು ಯಂತ್ರದ ಕಬ್ಬಿಣಕ್ಕೆ ತಾಗುತ್ತದೆ. ಅರ್ಥ್ ಇಲ್ಲದ ಸರ್ಕ್ಯೂಟಿನಲ್ಲಿ ಆಗ ಏನೂ ಆಗುವುದಿಲ್ಲ. ಕರೆಂಟಿಗೆ ವಾಪಸ್ ಬರಲು ದಾರಿಯೇ ಇಲ್ಲವಲ್ಲ. ಮೋಟಾರು ಓಡುತ್ತಿರುತ್ತದೆ, ಯಾರಿಗೂ ಸುಳಿವಿಲ್ಲ. ಈ ಮೌನವೇ ನನಗೆ ಭಯ ಹುಟ್ಟಿಸುವುದು. ಮುಂದೊಂದು ದಿನ ಸ್ಟಾಪ್ ಬಟನ್‌ನ ಆಚೆ, ಕಾಯಿಲ್ ಕಡೆಯ ವೈರೂ ತಾಗಿತೆನ್ನಿ. ಈಗ ಯಂತ್ರದ ಮೈಯೇ ಒಂದು ವೈರು. ಸ್ಟಾಪ್ ಒತ್ತಿದರೆ ಬಟನ್ ತೆರೆದುಕೊಳ್ಳುತ್ತದೆ, ಕರೆಂಟು ಕಬ್ಬಿಣದ ಮೂಲಕ ಬಳಸಿಕೊಂಡು ಕಾಯಿಲ್ ಸೇರುತ್ತದೆ. ಬೆಲ್ಟಿಗೆ ಕೈ ಸಿಕ್ಕಿದವನಿಗಾಗಿ ಇನ್ನೊಬ್ಬ ಓಡಿಬಂದು ಬಟನ್ ಒತ್ತಿದರೂ ಮೋಟಾರು ನಿಲ್ಲುವುದಿಲ್ಲ.

ಸೆಕೆಂಡರಿಯ ಒಂದು ತುದಿಯನ್ನು, ಯಂತ್ರದ ಮೈಯೂ ಸೇರಿರುವ ಅರ್ಥ್‌ಗೆ ಕಟ್ಟಿ, ಇನ್ನೊಂದಕ್ಕೆ ಫ್ಯೂಸ್ ಹಾಕಿದರೆ ಕಥೆಯೇ ಬೇರೆ. ಫ್ಯೂಸಿನ ಕಡೆಯ ವೈರು ಮೈಗೆ ತಾಗಿದ ಕೂಡಲೇ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ, ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಕೆಲಸ ನಿಂತು ಬೇಜಾರಾಗುತ್ತದೆ ನಿಜ. ಆದರೆ ದೋಷ ಒಂದೇ ಇರುವಾಗಲೇ ಸಿಕ್ಕಿಬೀಳುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಕಾಯಿಲ್‌ನ ಒಂದು ತುದಿ ನೇರವಾಗಿ ಅರ್ಥ್ ಆದ ವೈರಿಗೆ ಹೋಗಬೇಕು, ಬಟನ್‌ಗಳೆಲ್ಲ ಫ್ಯೂಸಿನ ಕಡೆಯೇ ಇರಬೇಕು. ಮೋಟಾರಿಗೆ ಭಾರ ಹೆಚ್ಚಾದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯ ಕಾಂಟ್ಯಾಕ್ಟನ್ನು ಕಾಯಿಲ್‌ನ ಆಚೆ, ಅರ್ಥ್ ಕಡೆ ಹಾಕುವ ರೂಢಿ ಇದೆ. ಹಾಗೆ ಸ್ಟಾಪ್ ಬಟನ್ನನ್ನೂ ಹಾಕಿ, ಅದಕ್ಕೂ ಕಾಯಿಲ್‌ಗೂ ನಡುವಿನ ವೈರು ಮೈಗೆ ತಾಗಿದರೆ ಒಂದೇ ದೋಷಕ್ಕೆ ಸ್ಟಾಪ್ ಸತ್ತಂತೆ. ದಾರಿಯಲ್ಲಿ ಕಾಯಿಲ್ ಇರುವುದರಿಂದ ಫ್ಯೂಸೂ ಹೋಗುವುದಿಲ್ಲ. ಇಂಥ ಪ್ಯಾನೆಲ್‌ಗೆ ವೈರಿಂಗ್ ಸರಿಮಾಡದೆ ಅರ್ಥ್ ಮಾಡಿದರೆ ಅಪಾಯವನ್ನು ನಾವೇ ಹತ್ತಿರ ಕರೆದಂತೆ.

ಮೊದಲ ದೋಷಕ್ಕೇ ನಿಲ್ಲಬಾರದ ಯಂತ್ರಗಳೂ ಇವೆ. ಅಲ್ಲಿ ಸೆಕೆಂಡರಿಗೆ ಅರ್ಥ್ ಕಟ್ಟದೆ ಬಿಡಬಹುದು, ಆದರೆ ವೈರಿನ ಇನ್ಸುಲೇಷನ್ ಕೆಟ್ಟರೆ ಎಚ್ಚರಿಸುವ ರಿಲೇ ಬೇಕು. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಈ ಎರಡೂ ದಾರಿಗಳನ್ನು ಒಪ್ಪುತ್ತದೆ.

ಅರ್ಥ್ ಕೊಂಡಿಯನ್ನು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ, ಒಂದೇ ಜಾಗದಲ್ಲಿ, ಬಿಚ್ಚಲು ಬರುವಂತೆ ಹಾಕಿಸಿ. ಮಳೆ ಹಿಡಿಯುವ ಮುಂಚೆ ಮೇನ್ ಆಫ್ ಮಾಡಿ, ಎಲೆಕ್ಟ್ರಾನಿಕ್ ಸಾಮಾನು ಬೇರ್ಪಡಿಸಿ, ಆ ಕೊಂಡಿ ಬಿಚ್ಚಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಚ್ಚಿ ನೋಡಲು ಸುಲಭ. ಆಮೇಲೆ ಕೊಂಡಿಯನ್ನು ಮರೆಯದೆ ವಾಪಸ್ ಹಾಕಿಸಬೇಕು.